ಓಡುವವರ ಎದೆಬಡಿತ ತಾಳ ತಪ್ಪಿದಾಗ: ತರಬೇತಿ ಇಳಿಸೋದಾ, ಮಾತ್ರೆಯಾ, ಅಬ್ಲೇಶನ್ನಾ?

ಬಿಪಿ ಇಲ್ಲ, ಶುಗರ್ ಇಲ್ಲ, ಎಕೋ ಸರಿಯಾಗಿದೆ. ಮ್ಯಾರಥಾನ್ ಓಡುತ್ತಾರೆ, ಇಲ್ಲವೇ ದೂರದ ಸೈಕಲ್ ಸವಾರಿ ಮಾಡುತ್ತಾರೆ. ಆದರೂ ಆಗಾಗ ಎದೆ ತಾಳ ತಪ್ಪಿ ಬಡಿಯುತ್ತದೆ. ಇಸಿಜಿ ತೆಗೆಸಿದರೆ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಎಎಫ್ ಎಂದು ಬರುತ್ತದೆ: ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರುವುದು. ಇಂಥವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಒಬ್ಬ ಡಾಕ್ಟರು ಓಟ ಕಡಿಮೆ ಮಾಡಿ ಅಂದರು. ಇನ್ನೊಬ್ಬರು ದಿನಾ ಮಾತ್ರೆ ಬರೆದರು. ಮತ್ತೊಬ್ಬರು ಅಬ್ಲೇಶನ್, ಅಂದರೆ ಹೃದಯದೊಳಗೆ ತೆಳು ಕೊಳವೆ ಬಿಟ್ಟು ತೊಂದರೆಯ ಮೂಲಕ್ಕೆ ತಡೆ ಹಾಕುವ ಚಿಕಿತ್ಸೆ, ಮಾಡಿಸಿಬಿಡಿ ಅಂದರು. ಯಾರ ಮಾತು ಕೇಳೋದು?

ಮೂವರ ಮಾತಿಗೂ ಆಧಾರ ಇದೆ. ನಿಮಗೆ ಯಾವುದು ಹೊಂದುತ್ತದೆ ಅನ್ನೋದು ಮಾತ್ರ ನಿಮ್ಮ ಬಡಿತದ ಚರಿತ್ರೆ ಮತ್ತು ನೀವು ಏನನ್ನು ಬಿಟ್ಟುಕೊಡಲು ತಯಾರಿದ್ದೀರಿ ಅನ್ನೋದರ ಮೇಲೆ ನಿಂತಿದೆ. ಬೇರೆ ಕಾಯಿಲೆ ಇಲ್ಲದ, ದೂರದ ಓಟ ಅಥವಾ ಸವಾರಿ ಮಾಡುವ ಜನರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಬಡಿತದ ಹೆಸರು ಗೊತ್ತಾಗಲಿ

ತಾಳ ತಪ್ಪಿದ್ದೆಲ್ಲ ಎಎಫ್ ಆಗಿರೋದಿಲ್ಲ. ಒಂದು ಬಡಿತ ತಪ್ಪಿದ ಹಾಗಾಗಿ, ಮುಂದಿನದು ಧಡ್ ಅಂತ ಜೋರಾಗಿ ಬಂದು, ಮತ್ತೆ ಎಲ್ಲ ಸರಿಯಾದರೆ ಅದು ಸಾಮಾನ್ಯವಾಗಿ ಎಕ್ಟೋಪಿಕ್, ಅಂದರೆ ಹೊತ್ತಿಗೆ ಮುಂಚೆ ಬಂದ ಒಂಟಿ ಬಡಿತ. ಬಹಳ ಜನರಿಗೆ ಇರುತ್ತದೆ. ಹೃದಯದ ರಚನೆ ಸರಿಯಿದ್ದು, ವೇಗ ಹೆಚ್ಚಿಸಿದಂತೆ ಅದು ಮಾಯವಾದರೆ ಹೆಚ್ಚಿನ ಪಾಲು ಚಿಂತೆ ಬೇಡ. ವೇಗ ಹೆಚ್ಚಿಸಿದಂತೆ ಅದೂ ಹೆಚ್ಚಿದರೆ ಮಾತು ಬೇರೆ, ಆಗ ಎಂಆರ್‌ಐವರೆಗೂ ಹೋಗಬೇಕಾಗಬಹುದು. ಏಕಾಏಕಿ 180ರ ಮೇಲೆ ಜಿಗಿದು, ತಾಳ ತಪ್ಪದೆ ಓಡಿ, ಅಷ್ಟೇ ಏಕಾಏಕಿ ನಿಂತರೆ ಅದು ಎಸ್‌ವಿಟಿ, ಅಂದರೆ ಹೃದಯದ ಮೇಲ್ಭಾಗದಿಂದ ಹುಟ್ಟುವ ವೇಗದ ಬಡಿತ, ಇರಬಹುದು. ಎಸ್‌ವಿಟಿಗೆ ಅಬ್ಲೇಶನ್ ಫಲ ತುಂಬ ಚೆನ್ನಾಗಿದೆ, ಹಾಗಾಗಿ ಅಲ್ಲಿ ಈ ಲೇಖನದಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಎಫ್‌ನಲ್ಲಿ ತಾಳವೇ ಇರುವುದಿಲ್ಲ. ನಾಡಿ ಹಿಡಿದು ನೋಡಿದರೆ ಬಡಿತಗಳ ನಡುವಿನ ಅಂತರ ಒಂದರಂತೆ ಇನ್ನೊಂದು ಇರುವುದಿಲ್ಲ.

ಕೈಗಡಿಯಾರದ ಗ್ರಾಫ್ ಒಂದನ್ನೇ ನಂಬಿ ಯಾವ ಚಿಕಿತ್ಸೆಗೂ ಹೋಗಬೇಡಿ. ಮಣಿಕಟ್ಟಿನ ಹಸಿರು ಬೆಳಕಿನ ಸೆನ್ಸರ್ ಓಡುವಾಗ ಎಷ್ಟೋ ಸಲ ಹೆಜ್ಜೆಯ ಲಯವನ್ನೇ ಎದೆಬಡಿತ ಅಂದುಕೊಳ್ಳುತ್ತದೆ. ನಿಮಿಷಕ್ಕೆ 175 ಹೆಜ್ಜೆ ಹಾಕುತ್ತಿದ್ದರೆ ಬಡಿತವೂ 175 ಎಂದು ತೋರಿಸಿಬಿಡುತ್ತದೆ. ಎದೆಗೆ ಕಟ್ಟುವ ಪಟ್ಟಿ ವಾಸಿ, ಆದರೆ ಬೆವರು ಬರುವ ಮೊದಲು ಒಣಗಿದ್ದಾಗ ಅದೂ 220 ಅಂತ ಹೆದರಿಸುತ್ತದೆ. ಬೇಕಾಗಿರುವುದು ಅಲೆಗಳು ಕಾಣುವ ಇಸಿಜಿ. 30 ಸೆಕೆಂಡಿನ ಇಸಿಜಿ ತೆಗೆಯುವ ಗಡಿಯಾರ ಇದ್ದರೆ ಬಡಿತ ತಪ್ಪಿದಾಗಲೇ ನಿಂತು ದಾಖಲಿಸಿ, ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ಹೋಲ್ಟರ್, ಅಂದರೆ ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರ. ಆದರೆ ತಿಂಗಳಿಗೊಮ್ಮೆ ಬರುವ ತೊಂದರೆಗೆ 24 ಗಂಟೆಯ ಹೋಲ್ಟರ್ ಕಟ್ಟಿಸಿಕೊಂಡರೆ ಸುಮ್ನೆ ದುಡ್ಡು ದಂಡ. ವಾರಕ್ಕೊಮ್ಮೆ ಬಂದರೆ 14 ದಿನದವರೆಗೆ ಅಂಟಿಕೊಂಡಿರುವ ಪ್ಯಾಚ್ ಕೇಳಿ. ಕೆಲವು ತಿಂಗಳಿಗೊಮ್ಮೆ ಬಂದರೆ ಚರ್ಮದಡಿ ಇಡುವ ಪುಟ್ಟ ರೆಕಾರ್ಡರ್ ಇದೆ, ವರ್ಷಗಟ್ಟಲೆ ಕಾಯುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಓಡುತ್ತಿರುವಾಗ ಪ್ರಜ್ಞೆ ತಪ್ಪಿದ್ದರೆ, ಎದೆ ನೋವು ಬಂದಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡಿದ್ದರೆ, ಜ್ವರ ಬಂದು ಹೋದ ಮೇಲೆ ಈ ತೊಂದರೆ ಶುರುವಾಗಿದ್ದರೆ, ಈ ಹೋಲಿಕೆ ನಿಮಗಲ್ಲ. ತರಬೇತಿ ಇವತ್ತೇ ನಿಲ್ಲಿಸಿ, ಹೃದಯದ ಪೂರ್ತಿ ತಪಾಸಣೆ ಆಗಲಿ. 2022ರ ಮಾರ್ಚ್‌ನಲ್ಲಿ ಇಟಲಿಯ ಸೈಕಲ್ ಪಟು ಸೋನಿ ಕೋಲ್ಬ್ರೆಲ್ಲಿ ಕ್ಯಾಟಲೋನಿಯಾ ರೇಸಿನ ಮೊದಲ ಹಂತ ಮುಗಿಸಿದ ಕೂಡಲೇ ಕುಸಿದುಬಿದ್ದರು. ವಿದ್ಯುತ್ ಆಘಾತ ಕೊಟ್ಟು ಬಡಿತ ಮರಳಿಸುವ ಡಿಫಿಬ್ರಿಲೇಟರ್ ಅವರನ್ನು ಉಳಿಸಿತು. ಅಂಥ ಅಪಾಯ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಮುಂದಿನ ಮಾತು.

ಇಷ್ಟು ಗಟ್ಟಿಮುಟ್ಟಾದವರಿಗೆ ಯಾಕೆ ಬರುತ್ತದೆ?

ವರ್ಷಗಟ್ಟಲೆ ದೂರ ಓಡಿದಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಬಡಿತವನ್ನು ನಿಧಾನ ಮಾಡುವ ವೇಗಸ್ ನರದ ಹಿಡಿತ ಬಲವಾಗುತ್ತದೆ. ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯಲ್ಲಿ ಹುಟ್ಟುವ ಬಿಡಿ ಕಿಡಿಗಳಿಗೆ ಇಂಥ ಕೋಣೆ ಬೇಗ ಹತ್ತಿಕೊಳ್ಳುತ್ತದೆ. ಸ್ವೀಡನ್ನಿನಲ್ಲಿ ವಾಸಲೋಪೆಟ್ ಎಂಬ 90 ಕಿಲೋಮೀಟರಿನ ಸ್ಕೀ ಸ್ಪರ್ಧೆ ಇದೆ. 1989ರಿಂದ 1998ರ ನಡುವೆ ಅದನ್ನು ಮುಗಿಸಿದ 52,755 ಜನರ ಆರೋಗ್ಯ ದಾಖಲೆ ನೋಡಿದಾಗ, ಐದು ಅಥವಾ ಹೆಚ್ಚು ಸಲ ಮುಗಿಸಿದವರಲ್ಲಿ ಒಂದೇ ಸಲ ಮುಗಿಸಿದವರಿಗಿಂತ ಎಎಫ್ ಸುಮಾರು 29% ಜಾಸ್ತಿ ಇತ್ತು. ಪ್ರಾಣ ತೆಗೆಯುವಂಥ, ಕೆಳಗಿನ ಕೋಣೆಗಳ ಬಡಿತದ ತೊಂದರೆ ಮಾತ್ರ ಜಾಸ್ತಿ ಇರಲಿಲ್ಲ. ಈ ಎರಡನೆಯ ಸಾಲನ್ನೂ ಓದಿ, ಅಲ್ವಾ? ಸುದ್ದಿಯಾಗುವುದು ಮೊದಲನೆಯದು ಮಾತ್ರ.

ಜೀವಮಾನದಲ್ಲಿ 1,500 ಗಂಟೆಗಿಂತ ಹೆಚ್ಚು ವ್ಯಾಯಾಮ ಮಾಡಿದವರಿಗೆ ಅಪಾಯ ಎಂಬ ಸಂಖ್ಯೆಯೂ ಓಡಾಡುತ್ತಿರುತ್ತದೆ. ಅದು ಬಾರ್ಸಿಲೋನಾದ ಒಂದು ಚಿಕ್ಕ ಅಧ್ಯಯನದಿಂದ ಬಂದದ್ದು. ವಾರಕ್ಕೆ ಆರು ಗಂಟೆಯ ಲೆಕ್ಕದಲ್ಲಿ ಐದು ವರ್ಷದೊಳಗೆ ಯಾರಾದರೂ ಅದನ್ನು ದಾಟುತ್ತಾರೆ, ದಾಟಿದ ಬಹುಪಾಲು ಜನ ಚೆನ್ನಾಗಿಯೇ ಇದ್ದಾರೆ. ಅದನ್ನು ಗಡಿರೇಖೆ ಅಂದುಕೊಂಡು ಲೆಕ್ಕ ಹಾಕುತ್ತಾ ಕೂರಬೇಡಿ.

ಯಾವ ಅಳತೆಗೋಲಿನಿಂದ ಅಳೆಯೋದು?

ಮೊದಲನೆಯದು, ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ. ವರ್ಷಕ್ಕೆರಡು ಸಲ ಮೂರು ಗಂಟೆ ಇದ್ದು ತಾನಾಗಿ ಹೋಗುವುದಕ್ಕೂ, ವಾರಕ್ಕೆರಡು ಸಲ ರಾತ್ರಿಯಿಡೀ ಕಾಡುವುದಕ್ಕೂ ಚಿಕಿತ್ಸೆ ಒಂದೇ ಆಗಲಾರದು. ಏಳು ದಿನ ದಾಟಿಯೂ ನಿಲ್ಲದಿದ್ದರೆ ವೈದ್ಯರು ಅದನ್ನು ಬೇರೆ ವರ್ಗಕ್ಕೆ ಸೇರಿಸುತ್ತಾರೆ. ಆಗ ಆಯ್ಕೆಗಳೂ ಕಿರಿದಾಗುತ್ತವೆ.

ಎರಡನೆಯದು, ಯಾವಾಗ ಬರುತ್ತದೆ. ಓಡುವವರಲ್ಲಿ ಬಹಳ ಮಂದಿಗೆ ಅದು ಓಡುವಾಗ ಬರುವುದೇ ಇಲ್ಲ. ರಾತ್ರಿ ನಿದ್ದೆಯಲ್ಲಿ, ಊಟವಾದ ಮೇಲೆ, ಜೋರು ತರಬೇತಿ ಮುಗಿಸಿ ಮಲಗಿ ಸುಧಾರಿಸಿಕೊಳ್ಳುವಾಗ ಬರುತ್ತದೆ. ಅದು ವೇಗಸ್ ನರದ ಆಟ. ಇನ್ನು ಕೆಲವರಿಗೆ ಏರು ಹತ್ತುವಾಗ, ಇಂಟರ್‌ವಲ್ (ನಡುನಡುವೆ ಜೋರಾಗಿ ಓಡುವ ತರಬೇತಿ) ಓಡುವಾಗಲೇ ಶುರುವಾಗುತ್ತದೆ. ಯಾವ ಮಾತ್ರೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಈ ಒಂದು ವಿವರ ಬಹಳ ಮುಖ್ಯ. ಆದರೂ ಹೆಚ್ಚಿನವರು ಡಾಕ್ಟರಿಗೆ ಇದನ್ನು ಹೇಳುವುದೇ ಇಲ್ಲ.

ಮೂರನೆಯದು, ಸುಮ್ಮನೆ ಕೂತಾಗ ನಿಮ್ಮ ಬಡಿತ ಎಷ್ಟು. 42 ಇರುವವರಿಗೂ 65 ಇರುವವರಿಗೂ ಒಂದೇ ಮಾತ್ರೆ ಹೊಂದೋದಿಲ್ಲ.

ನಾಲ್ಕನೆಯದು, ನಿಮಗೆ ಏನು ಬೇಕು. ಸ್ಪರ್ಧೆಯಲ್ಲಿ ಸಮಯ ಸುಧಾರಿಸಬೇಕಾ? ಬೆಳಿಗ್ಗೆ ಒಂದು ಗಂಟೆ ನೆಮ್ಮದಿಯಾಗಿ ಓಡಿದರೆ ಸಾಕಾ? ಇಲ್ಲಿ ಮುಚ್ಚುಮರೆ ಬೇಡ. ಸ್ಪರ್ಧೆ ಬಿಡಲು ಆಗುವುದಿಲ್ಲ ಎಂದರೆ ಅದನ್ನು ಮೊದಲೇ ಹೇಳಿ. ಅದು ಹಟಮಾರಿತನ ಅನ್ನಿಸಿದರೂ ಪರವಾಗಿಲ್ಲ, ಆಯ್ಕೆ ಮಾಡುವಾಗ ಲೆಕ್ಕಕ್ಕೆ ಬರುವ ವಿಷಯವೇ.

ಕೊನೆಯದು ಹಣ ಮತ್ತು ಸಮಯ. ಒಂದೇ ಸಲ ದೊಡ್ಡ ಮೊತ್ತ ಕೊಡಬಲ್ಲಿರಾ, ಇಲ್ಲವೇ ತಿಂಗಳು ತಿಂಗಳು ಸಣ್ಣ ಖರ್ಚು ಹಗುರವಾ? ಇದರ ಮೇಲೆ ಆಯ್ಕೆ ಬದಲಾದರೆ ನಾಚಿಕೆ ಪಡುವಂಥದ್ದೇನಿಲ್ಲ.

ತರಬೇತಿ ಇಳಿಸುವುದು

ಇದು ಯಾರಿಗೂ ಇಷ್ಟವಾಗದ ಆಯ್ಕೆ. ಖರ್ಚು ಮಾತ್ರ ಸೊನ್ನೆ. ನನ್ನ ಅಭಿಪ್ರಾಯದಲ್ಲಿ ತೀರಾ ಆಗಾಗ ಬಾರದ ಪ್ರತಿಯೊಬ್ಬರೂ ಮೊದಲು ಇದನ್ನು ಪ್ರಾಮಾಣಿಕವಾಗಿ ಮಾಡಿ ನೋಡಬೇಕು.

ಪ್ರಾಮಾಣಿಕವಾಗಿ ಅಂದರೆ ಎರಡರಿಂದ ಮೂರು ತಿಂಗಳು. ಹತ್ತು ದಿನ ಬಿಟ್ಟು, ಏನೂ ಬದಲಾಗಲಿಲ್ಲ ಎನ್ನುವುದು ಪರೀಕ್ಷೆಯಲ್ಲ. ಪೂರ್ತಿ ನಿಲ್ಲಿಸಬೇಕೆಂದೂ ಇಲ್ಲ. ಸ್ಪರ್ಧೆ, ಇಂಟರ್‌ವಲ್, ಮೂರು ನಾಲ್ಕು ಗಂಟೆಯ ವಾರಾಂತ್ಯದ ಓಟ ಇವುಗಳನ್ನು ಬದಿಗಿಡಿ. ಮಾತಾಡುತ್ತಾ ಓಡಬಲ್ಲ ವೇಗದಲ್ಲಿ, ವಾರದ ಒಟ್ಟು ಸಮಯವನ್ನು ಅರ್ಧಕ್ಕೆ ಇಳಿಸಿ. ಈ ಅವಧಿಯಲ್ಲಿ ಎಷ್ಟು ಸಲ ಬಂತು ಎಂದು ಬರೆದಿಡಿ. ಎಕ್ಟೋಪಿಕ್ ಬಡಿತ ಜಾಸ್ತಿ ಇದ್ದ ಇಟಲಿಯ ಕ್ರೀಡಾಪಟುಗಳಲ್ಲಿ ಕೆಲವು ತಿಂಗಳು ತರಬೇತಿ ನಿಲ್ಲಿಸಿದಾಗ ಅದು ಚೆನ್ನಾಗಿಯೇ ಇಳಿಯಿತು ಎಂದು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಎಎಫ್‌ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಇಲ್ಲ. ಕೆಲವರಿಗೆ ಪೂರ್ತಿ ಹೋಗುತ್ತದೆ, ಕೆಲವರಿಗೆ ಕಡಿಮೆಯಾಗುತ್ತದೆ, ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಇಪ್ಪತ್ತು ವರ್ಷ ಹಿಗ್ಗಿದ ಕೋಣೆ ಮೂರು ತಿಂಗಳಲ್ಲಿ ಮೊದಲಿನಂತಾಗುತ್ತದೆ ಎಂದು ಎದುರು ನೋಡಬಾರದು.

ಇದರ ಜೊತೆಗೇ ಸುಲಭವಾಗಿ ಸರಿಪಡಿಸಬಹುದಾದವನ್ನು ಸರಿಪಡಿಸಿ. ಥೈರಾಯ್ಡ್ ರಕ್ತಪರೀಕ್ಷೆ ಆಗಲೇಬೇಕು. ಗೊರಕೆ ಹೊಡೆಯುವವರಾದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ನೋಡಿಸಿ. ಗಟ್ಟಿಮುಟ್ಟಾದ ತೆಳ್ಳಗಿನ ಓಟಗಾರರಿಗೂ ಅದು ಇರುತ್ತದೆ. ಮದ್ಯ ಕುಡಿಯುವವರಿಗೆ ಒಂದು ಲೆಕ್ಕ: 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 140 ಎಎಫ್ ರೋಗಿಗಳ ಪೈಕಿ ಅರ್ಧ ಜನ ಕುಡಿತ ಬಿಟ್ಟರು. ಆರು ತಿಂಗಳಲ್ಲಿ ಬಿಟ್ಟವರಲ್ಲಿ 53% ಮಂದಿಗೆ ತೊಂದರೆ ಮರುಕಳಿಸಿತು, ಬಿಡದವರಲ್ಲಿ 73%. ಯಾವ ಅಡ್ಡಪರಿಣಾಮವೂ ಇಲ್ಲದೆ ಇಷ್ಟು ಫಲ ಸಿಗೋದು ಸಣ್ಣ ಮಾತಲ್ಲ.

ಇದರ ನಿಜವಾದ ಬೆಲೆ ಮನಸ್ಸಿನದು. ಓಟವೇ ಗೆಳೆಯರ ಬಳಗ, ಓಟವೇ ದಿನದ ಲಯ ಆಗಿರುವವರಿಗೆ ಮೂರು ತಿಂಗಳು ಅರ್ಧಕ್ಕಿಳಿಯುವುದು ಶಿಕ್ಷೆಯಂತೆ ಕಾಣುತ್ತದೆ. ಅದನ್ನು ಹಗುರವಾಗಿ ತಗೊಳ್ಳುವ ಡಾಕ್ಟರು ಸಿಕ್ಕರೆ ಅವರ ಸಲಹೆ ಯಾರೂ ಪಾಲಿಸುವುದಿಲ್ಲ. ಇಷ್ಟು ಮಾತ್ರ ನೆನಪಿರಲಿ: ಇದು ಪರೀಕ್ಷೆ, ಜೀವಾವಧಿ ನಿಷೇಧ ಅಲ್ಲ. ಫಲ ಕಂಡರೆ ಎಷ್ಟು ತರಬೇತಿಯವರೆಗೆ ಹೃದಯ ಸುಮ್ಮನಿರುತ್ತದೆ ಅನ್ನೋದು ಗೊತ್ತಾಗುತ್ತದೆ. ಫಲ ಕಾಣದಿದ್ದರೆ ಮುಂದಿನ ಆಯ್ಕೆಗೆ ಅಳುಕಿಲ್ಲದೆ ಹೋಗಬಹುದು.

ಬಂದಾಗ ಮಾತ್ರ ಮಾತ್ರೆ

ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡು, ಬಡಿತ ತಪ್ಪಿದಾಗ ಮಾತ್ರ ನುಂಗುವ ಪದ್ಧತಿ ಇದು. ಫ್ಲೆಕನೈಡ್ ಅಥವಾ ಪ್ರೊಪಫೆನೋನ್ ಕೊಡುತ್ತಾರೆ. 2004ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮನೆಯಲ್ಲೇ ಮಾತ್ರೆ ತೆಗೆದುಕೊಂಡ 569 ಸಲಗಳ ಪೈಕಿ 534 ಸಲ ಬಡಿತ ಸರಿಹೋಯಿತು. ಸರಾಸರಿ ಹಿಡಿದದ್ದು ಎರಡು ಗಂಟೆಗಿಂತ ಸ್ವಲ್ಪ ಕಡಿಮೆ. ಆದರೆ ಆಸ್ಪತ್ರೆಯಲ್ಲಿ ಮೊದಲ ಡೋಸ್ ಸರಿಹೊಂದಿದವರನ್ನು ಮಾತ್ರ ಮನೆಯ ಪ್ರಯೋಗಕ್ಕೆ ತೆಗೆದುಕೊಂಡಿದ್ದರು. ಆ ಷರತ್ತು ನಿಮಗೂ ಇದೆ. ಮೊದಲ ಸಲ ವೈದ್ಯರ ಕಣ್ಣೆದುರೇ ಆಗಬೇಕು. ಹೃದಯದ ರಚನೆಯಲ್ಲಿ ದೋಷ, ರಕ್ತನಾಳದಲ್ಲಿ ಅಡಚಣೆ ಇರುವವರಿಗೆ ಈ ಮಾತ್ರೆ ಅಪಾಯ.

ಕ್ರೀಡಾಪಟುಗಳಿಗೆ ಇನ್ನೊಂದು ಬಲೆ ಇದೆ. ಫ್ಲೆಕನೈಡ್ ಕೆಲವೊಮ್ಮೆ ಎಎಫ್ ಅನ್ನು ಫ್ಲಟರ್ ಎಂಬ ಇನ್ನೊಂದು ಲಯಕ್ಕೆ ತಿರುಗಿಸುತ್ತದೆ. ಆ ಹೊತ್ತಿನಲ್ಲಿ ಓಡಿದರೆ ಮೇಲಿನ ಕೋಣೆಯ ಪ್ರತಿಯೊಂದು ಬಡಿತವೂ ಕೆಳಗಿಳಿದು, ಎದೆ ನಿಮಿಷಕ್ಕೆ 200 ದಾಟಬಹುದು, ಪ್ರಜ್ಞೆ ತಪ್ಪಬಹುದು. ಅದಕ್ಕೇ ಇದಕ್ಕೆ ಮುಂಚೆ ಬಡಿತದ ವೇಗ ತಡೆಯುವ ಇನ್ನೊಂದು ಮಾತ್ರೆ ಕೊಡುವುದು ವಾಡಿಕೆ. ಬಡಿತ ಸರಿಯಾದ ಮೇಲೂ ಔಷಧ ಮೈಯಿಂದ ಬಹುಪಾಲು ಹೋಗುವವರೆಗೆ, ಫ್ಲೆಕನೈಡ್ ಆದರೆ ಸುಮಾರು ಎರಡು ದಿನ, ಓಟ ಬೇಡ. ರೇಸಿನ ದಿನ ಬೆಳಿಗ್ಗೆ ಶುರುವಾದರೆ ಮಾತ್ರೆ ನುಂಗಿ ಗೆರೆಗೆ ಹೋಗಿ ನಿಲ್ಲುವ ಯೋಚನೆಯೇ ಬೇಡ.

ಖರ್ಚು ಕಡಿಮೆ, ದಿನನಿತ್ಯದ ತೊಂದರೆ ಇಲ್ಲ, ಓಟದ ಸಾಮರ್ಥ್ಯ ಕುಗ್ಗುವುದಿಲ್ಲ. ವರ್ಷಕ್ಕೆ ಕೆಲವೇ ಸಲ ಬರುವವರಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ನನಗೆ ಕಂಡಿಲ್ಲ. ವಾರ ವಾರ ಬರುವವರಿಗೆ ಇದು ಅರ್ಥವಿಲ್ಲದ್ದು. ಪ್ರತಿ ಸಲ ಎರಡು ದಿನ ಓಟ ಬಿಡುತ್ತಾ ಹೋದರೆ ಉಳಿಯೋದೇನು?

ದಿನಾ ಮಾತ್ರೆ

ಸಾಮಾನ್ಯ ಜನರಿಗೆ ಇದು ಮೊದಲ ಆಯ್ಕೆಯಾಗಿ ಬರುತ್ತದೆ, ಓಡುವವರಿಗೆ ಹೆಚ್ಚಾಗಿ ಇದೇ ಕೆಟ್ಟ ಆಯ್ಕೆ. ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಗರಿಷ್ಠ ಬಡಿತವನ್ನೇ ಕತ್ತರಿಸುತ್ತದೆ. ಕಾಲು ಭಾರ, ಏರಿನಲ್ಲಿ ಉಸಿರು ಸಾಲದು. ಬಡಿತ ನೋಡಿ ತರಬೇತಿ ಮಾಡುವ ಪಟ್ಟಿಯೆಲ್ಲ ಉಪಯೋಗಕ್ಕೆ ಬಾರದು. ಮೊದಲೇ 42 ಇರುವ ಬಡಿತ ಇನ್ನೂ ಇಳಿದರೆ ತಲೆ ಸುತ್ತು ಬರಬಹುದು. ರಾತ್ರಿ ವೇಗಸ್ ಆಟದಿಂದ ಬರುವ ಎಎಫ್‌ಗೆ ಇದರಿಂದ ಪ್ರಯೋಜನವೂ ಕಡಿಮೆ. ಓಡುವಾಗಲೇ ಬರುವವರಿಗೆ, ಕೂತಾಗ ಬಡಿತ 60ರ ಮೇಲಿರುವವರಿಗೆ ಮಾತ್ರ ಒಮ್ಮೆ ನೋಡಬಹುದು. ಮ್ಯಾರಥಾನ್, ಸೈಕ್ಲಿಂಗ್‌ಗಳಲ್ಲಿ ಬೀಟಾ ಬ್ಲಾಕರ್ ನಿಷೇಧಿತ ಪಟ್ಟಿಯಲ್ಲಿ ಇಲ್ಲ, ಬಿಲ್ಲುಗಾರಿಕೆ, ಶೂಟಿಂಗ್‌ನಂಥ ಆಟಗಳಲ್ಲಿದೆ. ಎರಡೂ ಆಡುವವರು ಗಮನಿಸಿ.

ದಿನಾ ಫ್ಲೆಕನೈಡ್ ಕೆಲವರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮೇಲೆ ಹೇಳಿದ ಫ್ಲಟರ್ ಭಯ ಇಲ್ಲಿಯೂ ಇದೆ. ಅಮಿಯೋಡರೋನ್ ಎಂಬ ಬಲವಾದ ಔಷಧವನ್ನು ಆರೋಗ್ಯವಂತ ಓಟಗಾರರಿಗೆ ವರ್ಷಗಟ್ಟಲೆ ಕೊಡುವುದಕ್ಕೆ ನನ್ನ ಮಟ್ಟಿಗೆ ಕಾರಣವೇ ಕಾಣುವುದಿಲ್ಲ. ಥೈರಾಯ್ಡ್, ಶ್ವಾಸಕೋಶ ಎರಡಕ್ಕೂ ಪೆಟ್ಟು ಕೊಡಬಲ್ಲದು.

ತಿಂಗಳ ಖರ್ಚು ಸಣ್ಣದಾಗಿ ಕಾಣುತ್ತದೆ. ಅದಕ್ಕೆ ಪದೇ ಪದೇ ಮಾಡಿಸುವ ಇಸಿಜಿ, ರಕ್ತಪರೀಕ್ಷೆ, ಡಾಕ್ಟರ ಫೀಸು ಸೇರಿಸಿ, 45ನೇ ವಯಸ್ಸಿನಿಂದ ಲೆಕ್ಕ ಹಾಕಿ ನೋಡಿ. ಅಗ್ಗ ಅನ್ನಿಸೋದಿಲ್ಲ.

ಅಬ್ಲೇಶನ್

1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಐಸಾಗೇರ್ ಮತ್ತು ಅವರ ತಂಡ ಒಂದು ಮುಖ್ಯ ವಿಷಯ ತೋರಿಸಿತು. ಎಎಫ್ ಅನ್ನು ಹೊತ್ತಿಸುವ ಕಿಡಿಗಳಲ್ಲಿ 94% ಹುಟ್ಟುವುದು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳಲ್ಲಿ. ಇವತ್ತಿನ ಅಬ್ಲೇಶನ್ ನಿಂತಿರೋದು ಅದರ ಮೇಲೆ. ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ಒಳಗೆ ಬಿಟ್ಟು, ಆ ನಾಳಗಳ ಬಾಯಿ ಸುತ್ತ ಬೇಲಿಯಂಥ ಗೆರೆ ಮೂಡಿಸುತ್ತಾರೆ. ಗೆರೆ ಮೂಡಿಸುವುದು ಶಾಖದಿಂದ, ಇಲ್ಲವೇ ತೀರಾ ತಣ್ಣಗೆ ಮಾಡಿ, ಇಲ್ಲವೇ ಈಚೆಗೆ ಬಂದ ವಿದ್ಯುತ್ ಮಿಡಿತದಿಂದ. ಕಿಡಿ ಹುಟ್ಟಿದರೂ ಬೇಲಿ ದಾಟುವುದಿಲ್ಲ.

ಫಲ ಎಷ್ಟು? ಕೆನಡಾದ ಒಂದು ಪ್ರಯೋಗದಲ್ಲಿ 303 ಹೊಸ ರೋಗಿಗಳಿಗೆ ಮೊದಲೇ ಅಬ್ಲೇಶನ್ ಅಥವಾ ಮೊದಲೇ ಮಾತ್ರೆ ಕೊಟ್ಟು, ಎಲ್ಲರ ಚರ್ಮದಡಿ ರೆಕಾರ್ಡರ್ ಇಟ್ಟು ನೋಡಿದರು. ಒಂದು ವರ್ಷದಲ್ಲಿ ಅಬ್ಲೇಶನ್ ಆದವರಲ್ಲಿ 42.9% ಮಂದಿಗೆ, ಮಾತ್ರೆ ತಗೊಂಡವರಲ್ಲಿ 67.8% ಮಂದಿಗೆ ಬಡಿತ ಮತ್ತೆ ತಪ್ಪಿತ್ತು. ಮೊದಲ ಸಂಖ್ಯೆ ನೋಡಿ ಹೆದರಬೇಡಿ, ರೆಕಾರ್ಡರ್ ಗೊತ್ತೇ ಆಗದಷ್ಟು ಚಿಕ್ಕವನ್ನೂ ಎಣಿಸುತ್ತದೆ. ಅನುಭವಕ್ಕೆ ಬರುವಂಥವು ಮರುಕಳಿಸಿದ್ದು ಅಬ್ಲೇಶನ್ ಆದವರಲ್ಲಿ 11%, ಮಾತ್ರೆ ತಗೊಂಡವರಲ್ಲಿ 26%. ಓಟಗಾರರನ್ನೇ ಪ್ರತ್ಯೇಕವಾಗಿ ನೋಡಿದ ಚಿಕ್ಕ ಅಧ್ಯಯನಗಳಲ್ಲೂ ಫಲ ಉಳಿದವರಷ್ಟೇ ಬಂದಿದೆ.

ಈಗ ಇನ್ನೊಂದು ತಟ್ಟೆ. ಗಂಭೀರ ತೊಂದರೆ ನೂರರಲ್ಲಿ ಒಬ್ಬಿಬ್ಬರಿಗೆ ಆಗಬಹುದು: ಹೃದಯದ ಸುತ್ತ ರಕ್ತ ತುಂಬುವುದು, ಲಕ್ವ, ತೊಡೆಸಂದಿನಲ್ಲಿ ರಕ್ತಸ್ರಾವ, ವಪೆಯ ನರಕ್ಕೆ ಪೆಟ್ಟು. ತೀರಾ ಅಪರೂಪಕ್ಕೆ ಅನ್ನನಾಳಕ್ಕೆ ತೂತು ಬೀಳುತ್ತದೆ, ಅದು ಪ್ರಾಣಕ್ಕೆ ಕುತ್ತು. ಒಂದಷ್ಟು ಜನರಿಗೆ ಎರಡನೇ ಸಲ ಮಾಡಬೇಕಾಗುತ್ತದೆ. ವಿಮೆ ಇದ್ದರೆ ಎರಡನೆಯದಕ್ಕೂ ಹಣ ಸಿಗುತ್ತದೆಯೇ ಎಂದು ಮೊದಲೇ ಓದಿಕೊಳ್ಳಿ. ಕೈಯಿಂದ ಕೊಡುವವರು ಒಂದಕ್ಕಲ್ಲ, ಒಂದೂವರೆಗೆ ಹಣ ಎತ್ತಿಟ್ಟುಕೊಂಡು ಹೋಗುವುದು ವಾಸಿ.

ಓಟಕ್ಕೆ ಮರಳುವುದು ನೀವು ಅಂದುಕೊಂಡಷ್ಟು ದೂರವಿಲ್ಲ. ತೊಡೆಸಂದಿನ ಗಾಯ ಒಂದೆರಡು ವಾರದಲ್ಲಿ ಮಾಗುತ್ತದೆ. ತೊಂದರೆ ಮರುಕಳಿಸದಿದ್ದರೆ ಸುಮಾರು ಒಂದು ತಿಂಗಳ ನಂತರ ನಿಧಾನವಾಗಿ ತರಬೇತಿ ಶುರು ಮಾಡಬಹುದು. ಮೊದಲ ಎರಡು ಮೂರು ತಿಂಗಳಲ್ಲಿ ಬಡಿತ ತಪ್ಪಿದರೆ ಸೋತೆ ಅಂದುಕೊಳ್ಳಬೇಡಿ. ಒಳಗಿನ ಗಾಯ ಮಾಗುವಾಗ ಹಾಗಾಗುತ್ತದೆ, ವೈದ್ಯರೂ ಆ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ವಿಚಿತ್ರ: ಕೂತಾಗಿನ ಬಡಿತ ಹತ್ತರಷ್ಟು ಏರಬಹುದು. ಗಡಿಯಾರದಲ್ಲಿ 44 ನೋಡಿ ಹೆಮ್ಮೆಪಡುತ್ತಿದ್ದವರು 55 ನೋಡಿ ಫಿಟ್‌ನೆಸ್ ಹೋಯಿತು ಎಂದು ಗಾಬರಿಯಾಗುತ್ತಾರೆ. ಹೃದಯದ ಹೊರಗೋಡೆಗೆ ಅಂಟಿಕೊಂಡ ವೇಗಸ್ ನರದ ಗಂಟುಗಳಿಗೂ ಚಿಕಿತ್ಸೆ ತಗಲಿರುತ್ತದೆ, ಕಾರಣ ಅಷ್ಟೇ. ರಾತ್ರಿ ಎಎಫ್ ಬರುತ್ತಿದ್ದವರಿಗೆ ಅದು ಒಳ್ಳೆಯ ಸುದ್ದಿಯೂ ಇರಬಹುದು.

ಇಟಲಿಯ ಎಲಿಯಾ ವಿವಿಯಾನಿ ಬಡಿತದ ತೊಂದರೆಗೆ 2021ರ ಜನವರಿಯಲ್ಲಿ ಅಬ್ಲೇಶನ್ ಮಾಡಿಸಿಕೊಂಡು, ಅದೇ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಸೈಕ್ಲಿಂಗ್ ಆಮ್ನಿಯಮ್‌ನಲ್ಲಿ ಕಂಚು ಗೆದ್ದರು. ನೆದರ್‌ಲೆಂಡ್ಸ್‌ನ ರಾಬರ್ಟ್ ಗೆಸಿಂಕ್ 2014ರಲ್ಲಿ ಹೃದಯದ ಚಿಕಿತ್ಸೆ ಮಾಡಿಸಿಕೊಂಡು, ಮರುವರ್ಷ ಟೂರ್ ಡಿ ಫ್ರಾನ್ಸ್‌ನಲ್ಲಿ ಆರನೆಯವರಾದರು. ಅವರ ತೊಂದರೆಯೂ ನಿಮ್ಮದೂ ಒಂದೇ ಎಂದು ಅಂದುಕೊಳ್ಳಬೇಡಿ. ಹೃದಯದೊಳಗೆ ಕೈ ಹಾಕಿಸಿಕೊಂಡ ಮೇಲೂ ಮೇಲ್ಮಟ್ಟಕ್ಕೆ ಮರಳಬಹುದು ಅನ್ನೋದಕ್ಕೆ ಮಾತ್ರ ಇವು ಉದಾಹರಣೆ.

ಲಕ್ವದ ಲೆಕ್ಕ ಬೇರೆಯೇ

ಬಹಳ ಜನ ಇದನ್ನು ಮೇಲಿನದಕ್ಕೆ ಬೆರೆಸಿ ಗೊಂದಲ ಮಾಡಿಕೊಳ್ಳುತ್ತಾರೆ. ಎಎಫ್‌ನಲ್ಲಿ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಬಹುದು. ರಕ್ತ ತೆಳು ಮಾಡುವ ಮಾತ್ರೆ ಬೇಕೋ ಬೇಡವೋ ಅನ್ನೋದನ್ನು ನಿಮ್ಮ ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಆಗಿತ್ತೇ, ಹೃದಯ ದುರ್ಬಲವಾಗಿದೆಯೇ, ರಕ್ತನಾಳದ ಕಾಯಿಲೆ ಇದೆಯೇ ಅನ್ನೋದಕ್ಕೆಲ್ಲ ಅಂಕ ಹಾಕಿ ನಿರ್ಧರಿಸುತ್ತಾರೆ. 50ರ ಆರೋಗ್ಯವಂತ ಓಟಗಾರರಿಗೆ ಸಾಮಾನ್ಯವಾಗಿ ಅಂಕ ಸೊನ್ನೆ, ಮಾತ್ರೆ ಬೇಡ. 65 ದಾಟಿದರೆ ಒಂದು ಅಂಕ ಬರುತ್ತದೆ, 75 ದಾಟಿದರೆ ಎರಡು. ಎರಡಾದರೆ ಮಾತ್ರೆ ಬೇಕು, ಒಂದಾದರೆ ಕೂತು ಮಾತಾಡಿ. ಎಎಫ್ ನಿಂತರೂ ಈ ಅಂಕ ಹಾಗೇ ಇರುತ್ತದೆ. ಅಬ್ಲೇಶನ್ ಆಯಿತು, ಇನ್ನು ಈ ಮಾತ್ರೆ ಬೇಡ ಎಂದು ನೀವೇ ನಿಲ್ಲಿಸಬೇಡಿ. ಅಂಕ ಸೊನ್ನೆ ಇದ್ದವರೂ ಅಬ್ಲೇಶನ್ ನಂತರ ಕನಿಷ್ಠ ಎರಡು ತಿಂಗಳು ತೆಗೆದುಕೊಳ್ಳಲೇಬೇಕು. ಆ ದಿನಗಳಲ್ಲಿ ಸೈಕಲ್ ಗುಂಪಿನ ನಡುವೆ ಸವಾರಿ, ಕಲ್ಲುದಾರಿಯ ಇಳಿಜಾರು ಬೇಡ. ತಲೆಗೆ ಪೆಟ್ಟಾದರೆ ರಕ್ತ ನಿಲ್ಲುವುದು ಕಷ್ಟ.

ನಾನಾದರೆ ಹೀಗೆ ಆರಿಸುತ್ತೇನೆ

ವರ್ಷಕ್ಕೆ ಒಂದೆರಡು ಸಲ, ಕೆಲವು ಗಂಟೆ, ತಾನಾಗಿ ಹೋಗುತ್ತದೆ: ತರಬೇತಿ ಇಳಿಸಿ, ಮದ್ಯ, ನಿದ್ದೆ, ಥೈರಾಯ್ಡ್ ನೋಡಿಸಿ. ಜೇಬಿನಲ್ಲಿ ಮಾತ್ರೆ ಇರಲಿ. ಅಬ್ಲೇಶನ್ ಮಾತು ಈಗ ಬೇಡ.

ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ, ಓಟ ಬಿಡಲು ಮನಸ್ಸಿಲ್ಲ, ಹಣ ಹೊಂದಿಸಬಲ್ಲಿರಿ: ತರಬೇತಿ ಇಳಿಸುವ ಮೂರು ತಿಂಗಳ ಪರೀಕ್ಷೆ ಮುಗಿಸಿ, ಫಲ ಇಲ್ಲದಿದ್ದರೆ ಅಬ್ಲೇಶನ್. ದಿನಾ ಮಾತ್ರೆಯಲ್ಲಿ ವರ್ಷಗಳನ್ನು ಕಳೆದು ಆಮೇಲೆ ಬರುವುದರಲ್ಲಿ ಲಾಭವಿಲ್ಲ. ಎಎಫ್ ಎಷ್ಟು ದಿನ ಉಳಿಯುತ್ತದೋ ಕೋಣೆ ಅಷ್ಟು ಹದಗೆಡುತ್ತದೆ, ತಡವಾದಷ್ಟೂ ಫಲ ಕಡಿಮೆ.

ಅಷ್ಟೇ ಸಲ ಬರುತ್ತದೆ, ಆದರೆ ಸ್ಪರ್ಧೆ ಮುಖ್ಯವಲ್ಲ, ಹಣವೂ ಕಷ್ಟ: ತರಬೇತಿಯನ್ನು ಶಾಶ್ವತವಾಗಿ ಅರ್ಧಕ್ಕಿಳಿಸಿ. ಆಮೇಲೂ ಉಳಿದರೆ ಡಾಕ್ಟರ ಜೊತೆ ಕೂತು ದಿನಾ ಫ್ಲೆಕನೈಡ್ ವಿಚಾರ ಮಾಡಿ. ಬೆಳಗಿನ ನಿಧಾನದ ಓಟಕ್ಕೆ ಅದು ಸಾಮಾನ್ಯವಾಗಿ ಅಡ್ಡಿ ಮಾಡುವುದಿಲ್ಲ.

ಎಎಫ್ ನಿಲ್ಲುವ ಹೊತ್ತಿಗೆ ಕೆಲವು ಸೆಕೆಂಡು ಬಡಿತವೇ ಇಲ್ಲದೆ ಕಣ್ಣು ಕತ್ತಲೆ ಬರುವವರು ಒಂದು ಬೇರೆ ಗುಂಪು. ಬಡಿತ ಇಳಿಸುವ ಯಾವ ಮಾತ್ರೆಯೂ ಇವರಿಗೆ ಒಳ್ಳೆಯದಲ್ಲ. ಪೇಸ್‌ಮೇಕರ್ ಹಾಕಿಸಿ ಮಾತ್ರೆ ಕೊಡುವ ಸಲಹೆ ಬಂದರೆ, ಅದಕ್ಕೆ ಮುಂಚೆ ಅಬ್ಲೇಶನ್ ಬಗ್ಗೆ ಎರಡನೇ ಅಭಿಪ್ರಾಯ ಕೇಳಿ. ಎಎಫ್ ನಿಂತರೆ ಆ ನಿಲುಗಡೆಯೂ ನಿಲ್ಲುವ ಸಾಧ್ಯತೆ ಚೆನ್ನಾಗಿದೆ.

ಯಾವುದನ್ನೇ ಆರಿಸಿದರೂ, ಬಡಿತ ತಪ್ಪಿದ ಹೊತ್ತನ್ನು ಗಂಟೆ ಸಮೇತ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. 24 ಗಂಟೆಯೊಳಗೆ ಆಸ್ಪತ್ರೆಗೆ ಹೋದರೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವುದು ಸುಲಭ. ಯಾವಾಗ ಶುರುವಾಯಿತೋ ಗೊತ್ತಿಲ್ಲ ಎಂದರೆ ಮೊದಲು ಮೂರು ವಾರ ರಕ್ತ ತೆಳು ಮಾಡುವ ಮಾತ್ರೆ ತಗೊಂಡು ಬನ್ನಿ ಅನ್ನಬಹುದು, ಇಲ್ಲವೇ ಹೆಪ್ಪು ಇದೆಯೇ ಎಂದು ಗಂಟಲಿನ ಮೂಲಕ ಎಕೋ ಮಾಡಿ ನೋಡಬೇಕಾಗುತ್ತದೆ.

ಅಬ್ಲೇಶನ್‌ಗೆ ಹೋಗುವವರು ಇಪಿ ಡಾಕ್ಟರನ್ನು, ಅಂದರೆ ಹೃದಯದ ಲಯದ ತಜ್ಞರನ್ನು, ಭೇಟಿಯಾದಾಗ ಕೇಳಬೇಕಾದ್ದು ಇಷ್ಟು. ವರ್ಷಕ್ಕೆ ಎಷ್ಟು ಎಎಫ್ ಅಬ್ಲೇಶನ್ ಮಾಡುತ್ತೀರಿ? ನಿಮ್ಮ ರೋಗಿಗಳಲ್ಲಿ ಎಷ್ಟು ಮಂದಿಗೆ ಎರಡನೇ ಸಲ ಬೇಕಾಯಿತು? ನನಗೆ ಯಾವ ವಿಧಾನ, ಯಾಕೆ? ನನ್ನ ಇಸಿಜಿಯಲ್ಲಿ ಫ್ಲಟರ್ ಕೂಡ ಇದೆಯಾ, ಇದ್ದರೆ ಅದನ್ನೂ ಅದೇ ಸಲ ಮುಗಿಸುತ್ತೀರಾ? ಕೊನೆಯ ಪ್ರಶ್ನೆ ಮರೆಯಬೇಡಿ. ಫ್ಲಟರ್‌ಗೆ ಹೃದಯದ ಬಲಭಾಗದಲ್ಲಿ ಒಂದು ಚಿಕ್ಕ ಗೆರೆ ಸಾಕು, ಅದರ ಫಲ ಎಎಫ್‌ಗಿಂತ ಎಷ್ಟೋ ಚೆನ್ನಾಗಿರುತ್ತದೆ. ಅದೊಂದಕ್ಕಾಗಿ ಇನ್ನೊಮ್ಮೆ ಮೇಜಿನ ಮೇಲೆ ಮಲಗುವ ಅಗತ್ಯ ಇರೋದಿಲ್ಲ.